ಒತ್ತಕ್ಷರ ನಡುಗುತ್ತಿದೆ: ಸಣ್ಣ ಗ್ಯಾಲ್ವೋ ಮೋಟರ್ ಮಾಡುತ್ತಿದ್ದೇನೆ, ಎಲ್ಲಿ ತಪ್ಪಿದೆ?

ಬೈಕಂಪಾಡಿ ಲೇಸರ್ | ಭಾನುವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ಲೇಸರ್ ಮಾರ್ಕಿಂಗ್ ಅಂಗಡಿ ಉಂಟು. ನೇಮ್‌ಪ್ಲೇಟು, ಪಂಪುಗಳ ಸೀರಿಯಲ್ ನಂಬರು, ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವ ಸ್ಟೀಲ್ ಪಾತ್ರೆಗೆ ಹೆಸರು ಹಾಕುವುದು, ಇಂಥ ಕೆಲಸ. ಈಚೆಗೆ ದೇವಸ್ಥಾನಗಳವರೂ ಕೇಳುತ್ತಾರೆ. ಅನ್ನಸಂತರ್ಪಣೆಯ ದೊಡ್ಡ ಕೊಪ್ಪರಿಗೆಗೆ ದಾನ ಕೊಟ್ಟವರ ಹೆಸರು ಬೇಕು ಅಂತ. ನಾಲ್ಕು ಜನ ಹೊರುವ ಕೊಪ್ಪರಿಗೆಯನ್ನು ನನ್ನ ಮೆಷಿನಿನ ಅಡಿಗೆ ಇಡಲು ಆಗುವುದಿಲ್ಲ. ಮೆಷಿನೇ ಅದರ ಹತ್ತಿರ ಹೋಗಬೇಕು. ಅದಕ್ಕೆ ಪಾತ್ರೆಗೆ ಕಚ್ಚಿಸಿ ಇಡುವಷ್ಟು ಸಣ್ಣ ಸ್ಕ್ಯಾನ್ ಹೆಡ್ ಬೇಕು, ಅಂದರೆ ಎರಡು ಕನ್ನಡಿ ಹೊರಳಿಸಿ ಲೇಸರ್ ಕಿರಣವನ್ನು ಓಡಿಸಿ ಬರೆಸುವ ಭಾಗ. ಕಿರಣ 6 ಮಿ.ಮೀ. ದಪ್ಪ, ಮುಂದೆ 160 ಮಿ.ಮೀ. ಲೆನ್ಸು.

ಆ ಕನ್ನಡಿಯನ್ನು ಹೊರಳಿಸುವ ಗ್ಯಾಲ್ವೋ ಮೋಟರನ್ನು ಎರಡು ತಿಂಗಳಿಂದ ನಾನೇ ಮಾಡುತ್ತಿದ್ದೇನೆ. 6 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ನಿಯೋಡಿಮಿಯಂ ಮ್ಯಾಗ್ನೆಟ್. ಅಡ್ಡಕ್ಕೆ ಮ್ಯಾಗ್ನೆಟೈಸ್ ಆಗಿರುವಂಥದ್ದು, ಒಂದು ಬದಿ ಉತ್ತರ, ಎದುರು ಬದಿ ದಕ್ಷಿಣ. ಎರಡೂ ತುದಿಗೆ 2 ಮಿ.ಮೀ. ಸ್ಟೀಲ್ ಶಾಫ್ಟ್. ಸುತ್ತ ಕಾಯಿಲ್, ಅದರ ಹೊರಗೆ ಕಬ್ಬಿಣದ ಕೊಳವೆ. ಒಂದು ತುದಿಗೆ ಕನ್ನಡಿ, ಇನ್ನೊಂದು ತುದಿಗೆ ಕೋನ ಅಳೆಯುವ ಸೆನ್ಸರ್. ಡ್ರಾಯಿಂಗ್ ಜೊತೆಗೆ ಹಾಕಿದ್ದೇನೆ.

ತಿರುಗುತ್ತದೆ. ನಿಧಾನಕ್ಕೆ ಬರೆದರೆ ಚೆಂದ ಬರೆಯುತ್ತದೆ. ವೇಗ ಏರಿಸಿದ ಕೂಡಲೇ ತೊಂದರೆ. ‘ಲಕ್ಷ್ಮಿ’ ಅಂತ ಬರೆದರೆ ‘ಲ’ ಸರಿ ಇರುತ್ತದೆ, ಕೆಳಗಿನ ಒತ್ತುಗಳು ಮಾತ್ರ ಚಳಿಯಲ್ಲಿ ನಡುಗಿದ ಹಾಗೆ ಬರುತ್ತವೆ. ಕರೆಂಟ್ ಜಾಸ್ತಿ ಕೊಟ್ಟೆ. ಕಾಯಿಲ್ ಕೈ ಸುಡುವಷ್ಟು ಬಿಸಿಯಾಯಿತು, ನಡುಕ ಮಾತ್ರ ಹೋಗಲಿಲ್ಲ. ಇನ್ನೂ ದೊಡ್ಡ ಮ್ಯಾಗ್ನೆಟ್ ಹಾಕಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುರತ್ಕಲ್ ಸರ್ವೋ | ಭಾನುವಾರ, ರಾತ್ರಿ 10.05

ಅಣ್ಣ, ಮ್ಯಾಗ್ನೆಟ್ ಮುಟ್ಟುವ ಮೊದಲು ಮೂರು ವಿಷಯ ಹೇಳಿ. ಕನ್ನಡಿಯ ಅಳತೆ ಎಷ್ಟು, ಯಾವುದರದ್ದು? ಕಾಯಿಲ್ ಎಷ್ಟು ಸುತ್ತು, ಎಷ್ಟು ಓಂ? ಒಂದು ಡಿಗ್ರಿ ಹಾರಿಸಿದಾಗ ಸೆನ್ಸರಿನ ಸಿಗ್ನಲ್ ಆಸಿಲೋಸ್ಕೋಪಿನಲ್ಲಿ ಹೇಗೆ ಕಾಣುತ್ತದೆ?

ಬೈಕಂಪಾಡಿ ಲೇಸರ್ | ಸೋಮವಾರ, ಬೆಳಿಗ್ಗೆ 7.15

ಕನ್ನಡಿ ಫ್ಯೂಸ್ಡ್ ಸಿಲಿಕಾ. 8 ಮಿ.ಮೀ. ಅಗಲ, 12 ಮಿ.ಮೀ. ಉದ್ದ, 1 ಮಿ.ಮೀ. ದಪ್ಪ. ಕಾಯಿಲ್ 200 ಸುತ್ತು. ಸ್ಕೋಪಿನಲ್ಲಿ ಸಿಗ್ನಲ್ ನಿಧಾನಕ್ಕೆ ಏರುತ್ತದೆ, ಗುರಿ ದಾಟಿ ಹೋಗಿ ವಾಪಸ್ ಬರುತ್ತದೆ. ಅದರ ಮೇಲೆ ಸಣ್ಣ ನಡುಕ ಇದ್ದ ಹಾಗೆ ಕಾಣುತ್ತದೆ. ನನ್ನ ಸ್ಕೋಪ್ ಹಳೆಯದು, ಅಷ್ಟು ಸ್ಪಷ್ಟ ಇಲ್ಲ.

ಮಣಿಪಾಲ ದರ್ಪಣ | ಸೋಮವಾರ, ಸಂಜೆ 6.40

ಅಣ್ಣ, ನಿಮ್ಮ ಕೆಲಸ ಓದಿ ತುಂಬಾ ಖುಷಿ ಆಯ್ತು. ನಾನು ಮೈಕ್ರೋಸ್ಕೋಪಿನ ಸ್ಕ್ಯಾನರುಗಳ ಜೊತೆ ಕೆಲಸ ಮಾಡುತ್ತೇನೆ. ದೊಡ್ಡ ಮ್ಯಾಗ್ನೆಟ್ ಬೇಡ, ಉಲ್ಟಾ ಹೋಗಬೇಕು. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ತಿರುಗುವ ವಸ್ತುವಿಗೆ ತೂಕಕ್ಕಿಂತ ಮುಖ್ಯವಾದದ್ದು ಜಡತ್ವ, ಅಂದರೆ ಆ ತೂಕ ಅಕ್ಷದಿಂದ ಎಷ್ಟು ದೂರ ಹರಡಿದೆ ಅನ್ನುವುದು. ದುಂಡಗಿನ ರೋಟರಿಗೆ, ಅಂದರೆ ಮೋಟರಿನೊಳಗೆ ತಿರುಗುವ ಭಾಗಕ್ಕೆ, ಅದು ತ್ರಿಜ್ಯದ ನಾಲ್ಕನೇ ಘಾತದ ಹಾಗೆ ಏರುತ್ತದೆ. ನಿಮ್ಮ 6 ಮಿ.ಮೀ. ಮ್ಯಾಗ್ನೆಟ್ಟಿನ ಜಡತ್ವ ಸುಮಾರು 0.19 ಗ್ರಾಂ ಸೆಂ.ಮೀ. ವರ್ಗ. ಅದೇ ಉದ್ದದಲ್ಲಿ 3 ಮಿ.ಮೀ. ದಪ್ಪದ್ದು ತಗೊಂಡರೆ ಬರೀ 0.012. ದಪ್ಪ ಅರ್ಧ, ಜಡತ್ವ ಹದಿನಾರರಲ್ಲಿ ಒಂದು ಭಾಗ.

ಈಗ ಕನ್ನಡಿ ನೋಡಿ. ತೂಕ 0.21 ಗ್ರಾಂ, ಅಗಲ 8 ಮಿ.ಮೀ. ಅದರ ಜಡತ್ವ ಸುಮಾರು 0.011. ಅಂದರೆ ನಿಮ್ಮ ಈಗಿನ ರೋಟರಿನ ಜಡತ್ವ ಕನ್ನಡಿಯ 17 ಪಟ್ಟು. ನೀವು ಕೊಡುವ ಕರೆಂಟಿನಲ್ಲಿ ಹೆಚ್ಚಿನದೆಲ್ಲ ಮೋಟರು ತನ್ನನ್ನೇ ತಾನು ತಿರುಗಿಸಿಕೊಳ್ಳಲು ಹೋಗುತ್ತಿದೆ. ಕನ್ನಡಿಗೆ ಸಿಗುವುದು ಚೂರು.

ಟಾರ್ಕ್, ಅಂದರೆ ತಿರುಗಿಸುವ ಬಲ, ಕಡಿಮೆ ಆಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ. ಟಾರ್ಕ್ ಮ್ಯಾಗ್ನೆಟ್ಟಿನ ಗಾತ್ರಕ್ಕೆ ತಕ್ಕ ಹಾಗೆ, ಅಂದರೆ ತ್ರಿಜ್ಯದ ವರ್ಗದ ಹಾಗೆ ಏರಿಳಿಯುತ್ತದೆ. ದಪ್ಪ ಅರ್ಧ ಮಾಡಿದರೆ ಟಾರ್ಕ್ ಕಾಲುಭಾಗ. ಆದರೆ ರೋಟರು, ಕನ್ನಡಿ ಎರಡೂ ಸೇರಿದ ಒಟ್ಟು ಜಡತ್ವ ಒಂಬತ್ತರಲ್ಲಿ ಒಂದು ಭಾಗದ ಹತ್ತಿರ ಇಳಿಯುತ್ತದೆ. ಲಾಭ ಎರಡು ಪಟ್ಟಿಗೂ ಜಾಸ್ತಿ. ಕಾಯಿಲ್ ಕೂಡ ಮ್ಯಾಗ್ನೆಟ್ಟಿಗೆ ಹತ್ತಿರ ಬರುವುದರಿಂದ ನಿಜದಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ. ಇನ್ನೂ ತೆಳು ಮಾಡಿದರೆ? ಆಗ ನಷ್ಟ ಶುರು. ರೋಟರಿನ ಜಡತ್ವ ಕನ್ನಡಿಯದಕ್ಕೆ ಸಮ ಆದಲ್ಲಿ ವೇಗ ಅತಿ ಹೆಚ್ಚು, ಈ ಲೆಕ್ಕದಲ್ಲಿ ಅದು ನೇರವಾಗಿ ಸಿಗುತ್ತದೆ. ನಿಮ್ಮ ಕನ್ನಡಿಗೆ 3 ಮಿ.ಮೀ. ಮ್ಯಾಗ್ನೆಟ್ ಹೇಳಿ ಮಾಡಿಸಿದ ಹಾಗಿದೆ.

ಒಂದು ಹಳೆಯ ಸಂಗತಿ ನೆನಪಾಯಿತು. 1858ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಸಮುದ್ರದಡಿಯ ಕೇಬಲ್ಲಿನ ತಂತಿ ಸಂದೇಶ ಓದಲು ಕನ್ನಡಿ ಗ್ಯಾಲ್ವನೋಮೀಟರ್ ಮಾಡಿದರು. ರೇಷ್ಮೆ ಎಳೆಗೆ ತೂಗುಹಾಕಿದ ಪುಟ್ಟ ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಸಣ್ಣ ಆಯಸ್ಕಾಂತ, ಸುತ್ತ ಕಾಯಿಲ್. ಕ್ಷೀಣ ಕರೆಂಟಿಗೂ ಅದು ಹೊರಳಬೇಕಿತ್ತು, ಹಾಗಾಗಿ ಹಗುರ ಇರಲೇಬೇಕಿತ್ತು. ನೀವು ಬೈಕಂಪಾಡಿಯಲ್ಲಿ ಮಾಡುತ್ತಿರುವುದೂ ಅದೇ ಕುಟುಂಬದ ಯಂತ್ರ. ಗ್ಯಾಲ್ವೋ ಅನ್ನುವ ಹೆಸರು ಬಂದಿದ್ದೂ ಅಲ್ಲಿಂದಲೇ.

ಕೊಣಾಜೆ ವಿದ್ಯಾರ್ಥಿ | ಸೋಮವಾರ, ರಾತ್ರಿ 8.10

ಸರ್, ನನ್ನದೊಂದು ಸಣ್ಣ ಪ್ರಶ್ನೆ. ಇಷ್ಟು ಕಷ್ಟ ಯಾಕೆ? ವೋಲ್ಟೇಜ್ ಕೊಟ್ಟರೆ ಹಿಗ್ಗುವ ಪೀಜೋ ಹಾಕಬಹುದಲ್ವಾ? ಅದು ತುಂಬಾ ವೇಗ ಅಂತ ಪಾಠದಲ್ಲಿ ಬರುತ್ತದೆ. ಚಿಪ್ಪಿನ ಮೇಲೆಯೇ ಮಾಡುವ ಪುಟ್ಟ ಮೆಮ್ಸ್ ಕನ್ನಡಿಗಳೂ ಇವೆಯಲ್ಲ?

ಮಣಿಪಾಲ ದರ್ಪಣ | ಸೋಮವಾರ, ರಾತ್ರಿ 9.00

ಒಳ್ಳೆಯ ಪ್ರಶ್ನೆ ತಮ್ಮಾ. ಪೀಜೋ ವೇಗವೇ, ನಿಖರವೂ ಹೌದು. ಆದರೆ ಹಿಗ್ಗುವುದು ತನ್ನ ಉದ್ದದ ಸಾವಿರದಲ್ಲಿ ಒಂದು ಭಾಗ ಅಷ್ಟೆ. 20 ಮಿ.ಮೀ. ಉದ್ದದ ಪೀಜೋ 20 ಮೈಕ್ರಾನ್ ಹಿಗ್ಗುತ್ತದೆ. ಅಕ್ಷದಿಂದ 5 ಮಿ.ಮೀ. ದೂರದಲ್ಲಿ ಒತ್ತಿದರೂ ಕನ್ನಡಿ ಕಾಲು ಡಿಗ್ರಿ ಕೂಡ ತಿರುಗುವುದಿಲ್ಲ. ಇವರಿಗೆ 110 ಮಿ.ಮೀ. ಅಗಲದ ಜಾಗದಲ್ಲಿ ಬರೆಯಬೇಕು ಅಂತಿಟ್ಟುಕೊಳ್ಳಿ. 160 ಮಿ.ಮೀ. ಲೆನ್ಸಿಗೆ ಕಿರಣ ಆ ಕಡೆ ಈ ಕಡೆ 20 ಡಿಗ್ರಿ ಹತ್ತಿರ ಓಡಾಡಬೇಕು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಕಿರಣ ಎರಡು ಡಿಗ್ರಿ ತಿರುಗುತ್ತದೆ, ಹಾಗಾಗಿ ಕನ್ನಡಿಗೆ 10 ಡಿಗ್ರಿ ಸಾಕು. ಕಾಲು ಎಲ್ಲಿ, ಹತ್ತು ಎಲ್ಲಿ!

ಮೆಮ್ಸ್ ಕನ್ನಡಿ ಸಾಮಾನ್ಯವಾಗಿ ಒಂದೆರಡು ಮಿ.ಮೀ. ಅಗಲ. 6 ಮಿ.ಮೀ. ಕಿರಣ ಅದರಲ್ಲಿ ಹಿಡಿಸುವುದಿಲ್ಲ. ಕಿರಣವನ್ನೇ ಸಣ್ಣ ಮಾಡಿದರೆ ಲೆನ್ಸಿನ ಆಚೆ ಬೀಳುವ ಚುಕ್ಕೆ ದೊಡ್ಡದಾಗುತ್ತದೆ. ಕಿರಣ 10 ಮಿ.ಮೀ. ಇದ್ದರೆ ಚುಕ್ಕೆ 22 ಮೈಕ್ರಾನ್ ಹತ್ತಿರ, 6 ಮಿ.ಮೀ. ಇದ್ದರೆ 36 ಮೈಕ್ರಾನ್. ಪಾತ್ರೆಯ ಮೇಲಿನ ಹೆಸರಿಗೆ 36 ಧಾರಾಳ ಸಾಕು. ಅಣ್ಣ 6 ಆರಿಸಿದ್ದು ಬಹಳ ಸರಿ. ಕನ್ನಡಿಯ ಉದ್ದ, ಅಗಲ, ದಪ್ಪ ಮೂರನ್ನೂ ಹತ್ತರಿಂದ ಆರಕ್ಕೆ ಇಳಿಸಿದರೆ ಜಡತ್ವ ಹದಿಮೂರರಲ್ಲಿ ಒಂದು ಭಾಗದ ಹತ್ತಿರ ಬರುತ್ತದೆ.

ರೆಸೊನೆಂಟ್ ಸ್ಕ್ಯಾನರ್ ಅಂತ ಇನ್ನೊಂದು ಬಗೆ ಇದೆ. ನಮ್ಮ ಮೈಕ್ರೋಸ್ಕೋಪಿನಲ್ಲಿರುವುದು ಸೆಕೆಂಡಿಗೆ 8,000 ಸಲ ಆಡುತ್ತದೆ. ಆದರೆ ಅದು ಉಯ್ಯಾಲೆ ಇದ್ದ ಹಾಗೆ, ತನ್ನ ಲಯದಲ್ಲಿ ಮಾತ್ರ ಆಡುತ್ತದೆ. ‘ಇಲ್ಲಿ ನಿಲ್ಲು’ ಅಂದರೆ ನಿಲ್ಲುವುದಿಲ್ಲ. ಅಕ್ಷರ ಬರೆಯಲು ಆಗುವುದಿಲ್ಲ.

ಉಡುಪಿ ವೈಂಡಿಂಗ್ | ಮಂಗಳವಾರ, ಮಧ್ಯಾಹ್ನ 2.30

ನಾನು ಪಂಪ್‌ಸೆಟ್ಟು, ಮಿಕ್ಸಿ ಮೋಟರ್ ವೈಂಡಿಂಗ್ ಮಾಡುವವನು. 31 ವರ್ಷ ಆಯಿತು. ಇಷ್ಟು ಸಣ್ಣ ಮೋಟರ್ ಮಾಡಿಲ್ಲ, ಆದರೆ ಕಾಯಿಲ್ ಕಾಯಿಲೇ ಅಲ್ವಾ. ನನಗೆ ಕಂಡದ್ದು ಹೇಳುತ್ತೇನೆ.

200 ಸುತ್ತು ಜಾಸ್ತಿ ಆಯಿತು ಮಾರಾಯ್ರೆ. ಸುತ್ತು ಎರಡು ಪಟ್ಟಾದರೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ನಾಲ್ಕು ಪಟ್ಟು. ಬೇಕಾದ ಕರೆಂಟ್ ಅರ್ಧ ಸಾಕಾದರೂ, ಅದು ಏರಲು ಎರಡು ಪಟ್ಟು ಹೊತ್ತು ತಗೊಳ್ಳುತ್ತದೆ. ಪಂಪಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಒಳಗೆ ಕೆಲಸ ಮುಗಿಸಬೇಕಾದ್ದು, ಲೆಕ್ಕಕ್ಕೆ ಬರುತ್ತದೆ. 36 ಗೇಜ್ ತಂತಿಯಲ್ಲಿ 100 ಸುತ್ತು ಹಾಕಿ. 3 ಓಂ ಹತ್ತಿರ ಬರುತ್ತದೆ.

ಎರಡನೆಯದು ಬಿಸಿ. 3 ಓಂ ಕಾಯಿಲಿಗೆ 2 ಆಂಪಿಯರ್ ಒಂದೇ ಸಮ ಹೋದರೆ 12 ವಾಟ್ ಬಿಸಿ. ಬೆರಳಿಗಿಂತ ಸಣ್ಣ ಮೋಟರಿಗೆ ಅದು ಬಹಳ. ತಂತಿ 60 ಡಿಗ್ರಿ ಬಿಸಿ ಏರಿದರೆ ಅದರ ಓಂ ಕೂಡ ಸುಮಾರು ಕಾಲುಭಾಗ ಏರುತ್ತದೆ, ಮತ್ತೆ ಬಿಸಿ. ಮೇಲಾಗಿ ಸಾಧಾರಣ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಆಮೇಲೆ ತಣ್ಣಗಾದರೂ ಪೂರ್ತಿ ವಾಪಸ್ ಬರುವುದಿಲ್ಲ. 150 ಡಿಗ್ರಿ ತಡೆಯುವ ಗ್ರೇಡ್ ಕೇಳಿ ತಗೊಳ್ಳಿ.

ಕಾಯಿಲ್ ಮತ್ತು ಹೊರಗಿನ ಕೊಳವೆ ನಡುವೆ ಗಾಳಿ ಉಳಿಯಲೇಬಾರದು. ಗಾಳಿ ಬಿಸಿ ಬಿಡುವುದಿಲ್ಲ. ಎಪಾಕ್ಸಿ ತುಂಬುವಾಗ ಸ್ವಲ್ಪ ಬೆಚ್ಚಗೆ ಮಾಡಿ ತುಂಬಿ, ನೀರಿನ ಹಾಗೆ ಇಳಿಯುತ್ತದೆ. ಗುಳ್ಳೆ ಬಿಡುವುದು ನಿಲ್ಲುವವರೆಗೆ ಕಾಯಿರಿ. ನಾನು ವಾರ್ನಿಷ್ ಮಾಡುವಾಗಲೂ ಗುಳ್ಳೆ ನೋಡಿಯೇ ಎತ್ತುವುದು.

ಬೈಕಂಪಾಡಿ ಲೇಸರ್ | ಮಂಗಳವಾರ, ರಾತ್ರಿ 10.45

ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ತುಂಬಾ ಧನ್ಯವಾದ. ಮ್ಯಾಗ್ನೆಟ್ ತರಿಸುತ್ತೇನೆ. ಬೇರಿಂಗ್, ಶಾಫ್ಟ್ ಬಗ್ಗೆ ಗೊತ್ತಿದ್ದವರು ಯಾರಾದರೂ ಇದ್ದೀರಾ?

ಕಟಪಾಡಿ ಲೇತ್ | ಬುಧವಾರ, ಬೆಳಿಗ್ಗೆ 6.50

ನಾನಿದ್ದೇನೆ. ಎರಡೂ ಬೇರಿಂಗಿನ ಸೀಟನ್ನು ಒಂದೇ ಸಲ ಹಿಡಿದು ಬೋರ್ ಮಾಡಿ. ಕೆಲಸ ತಿರುಗಿಸಿ ಮತ್ತೆ ಹಿಡಿದರೆ ಎರಡು ಬೇರಿಂಗ್ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ಶಾಫ್ಟ್ ಬಿಗಿಯುತ್ತದೆ. ಒಂದು ಬೇರಿಂಗಿನ ಹಿಂದೆ ವೇವ್ ವಾಷರ್ ಇಟ್ಟು ಸಣ್ಣ ಒತ್ತಡ ಕೊಡಿ. ಅಲುಗಾಟ ಹೋಗಬೇಕು, ಬೆರಳಲ್ಲಿ ತಿರುಗಿಸಿದರೆ ತಡೆ ಗೊತ್ತಾಗಬಾರದು.

ಇನ್ನೊಂದು. ಇದು ಪೂರ್ತಿ ಸುತ್ತು ತಿರುಗುವ ಮೋಟರ್ ಅಲ್ಲ. ಗುಂಡುಗಳು ಅದೇ ಜಾಗದಲ್ಲಿ ಆ ಕಡೆ ಈ ಕಡೆ ಉರುಳುತ್ತಾ ಇರುತ್ತವೆ. ಗ್ರೀಸ್ ಪಕ್ಕಕ್ಕೆ ಸರಿದು ಆ ಜಾಗ ಒಣಗುತ್ತದೆ, ಮೆಲ್ಲ ಗುಳಿ ಬೀಳುತ್ತದೆ. ಕೆಲಸದ ಮಧ್ಯೆ ಗಂಟೆಗೊಮ್ಮೆ ಕನ್ನಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಆಡಿಸುವ ಹಾಗೆ ಪ್ರೋಗ್ರಾಂ ಬರೆಯಿರಿ. ಬೇರಿಂಗಿಗೆ ಆಯುಷ್ಯ ಬರುತ್ತದೆ.

ಕನ್ನಡಿ ಹಿಡಿಯಲು ಎಂತ ಮಾಡಿದ್ದೀರಿ ಅಂತ ಹೇಳಲಿಲ್ಲ. ಫೋಟೋ ಹಾಕಿ.

ಬೈಕಂಪಾಡಿ ಲೇಸರ್ | ಎರಡು ವಾರದ ಮೇಲೆ, ಶನಿವಾರ, ರಾತ್ರಿ 11.10

ಕಾಯಿಸಿದ್ದಕ್ಕೆ ಕ್ಷಮಿಸಿ, ಮ್ಯಾಗ್ನೆಟ್ ಬರಲು ತಡವಾಯಿತು. ಹೊಸ ರೋಟರ್ 3 ಮಿ.ಮೀ. 100 ಸುತ್ತಿನ ಕಾಯಿಲ್, ಅಳೆದಾಗ 3.2 ಓಂ. ಟಾರ್ಕ್ ಅಳೆಯಲು ಶಾಫ್ಟಿಗೆ 10 ಮಿ.ಮೀ. ಕಡ್ಡಿ ಕಟ್ಟಿ ತೂಕ ನೇತುಹಾಕಿದೆ. 2 ಆಂಪಿಯರಿಗೆ 50 ಗ್ರಾಂ ಎತ್ತಿ ಹಿಡಿಯಿತು. ಅಂದರೆ 5 ಮಿಲಿ ನ್ಯೂಟನ್ ಮೀಟರ್.

ವೇಗ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳಲಿ! ಗುರಿ ದಾಟಿ ಹೋಗುವುದು ನಿಂತಿದೆ. ಕಾಯಿಲ್ ಬೆಚ್ಚಗೆ ಇದೆ, ಸುಡುವುದಿಲ್ಲ. ಅದೇ ಒತ್ತಕ್ಷರದ ನಡುಕ ಮಾತ್ರ ಹೋಗಿಲ್ಲ. ಮೊದಲಿಗಿಂತ ಸಣ್ಣದಾಗಿ, ಒತ್ತೊತ್ತಾಗಿ ಬರುತ್ತಿದೆ. ಮೋಟರಿನಿಂದ ಸಣ್ಣ ಸಿಳ್ಳೆ ಕೂಡ ಕೇಳುತ್ತದೆ. ವಿಚಿತ್ರ ಅಂದರೆ ಸ್ಕೋಪಿನಲ್ಲಿ ಸೆನ್ಸರ್ ಸಿಗ್ನಲ್ ಈಗ ಹೆಚ್ಚುಕಡಿಮೆ ಸಾಫ್. ಸಿಗ್ನಲ್ ಸರಿ, ಬರಹ ತಪ್ಪು. ಎರಡು ದಿನದಿಂದ ಮಂಡೆಬಿಸಿ ಆಗಿದೆ.

ಸುರತ್ಕಲ್ ಸರ್ವೋ | ಭಾನುವಾರ, ಬೆಳಿಗ್ಗೆ 8.30

ಅಣ್ಣ, ನೀವು ಕೊನೆಯಲ್ಲಿ ಬರೆದ ಸಾಲಿನಲ್ಲೇ ಉತ್ತರ ಇದೆ. ಸಿಗ್ನಲ್ ಸರಿ, ಬರಹ ತಪ್ಪು. ನಿಮ್ಮ ಸೆನ್ಸರ್ ಕೂತಿರುವುದು ಶಾಫ್ಟಿನ ಹಿಂದಿನ ತುದಿಯಲ್ಲಿ. ಅದಕ್ಕೆ ಕಾಣುವುದು ರೋಟರ್. ಕನ್ನಡಿ ಮುಂದಿನ ತುದಿಯಲ್ಲಿದೆ. ಎರಡರ ನಡುವೆ ಯಾವುದೋ ಒಂದು ಜಾಗ ರಬ್ಬರಿನ ಹಾಗೆ ತಿರುಚುತ್ತಿದೆ. ರೋಟರ್ ನಿಂತರೂ ಕನ್ನಡಿ ಇನ್ನೂ ಆಡುತ್ತಿದೆ. ಸೆನ್ಸರ್ ನೋಡಿ ಕಾಯಿಲಿಗೆ ಕರೆಂಟ್ ಕೊಡುವ ಸರ್ವೋಗೆ ಅದು ಕಾಣುವುದೇ ಇಲ್ಲ.

ಸ್ಕೋಪ್ ಬೇಡ, ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ಸಾಧನ ಇದೆ. ಒಂದು ಸ್ಟೀಲ್ ತುಂಡಿನ ಮೇಲೆ ಸೆಕೆಂಡಿಗೆ 1,000 ಮಿ.ಮೀ. ವೇಗದಲ್ಲಿ ಒಂದು ಮೂಲೆ ಬರೆಯಿರಿ. ನೇರ ಹೋಗಿ ತಟ್ಟನೆ 90 ಡಿಗ್ರಿ ತಿರುಗಬೇಕು. ತಿರುಗಿದ ಮೇಲಿನ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲೆ ಕಾಣುತ್ತದೆ. ಎರಡು ಅಲೆಯ ತಲೆಗಳ ನಡುವಿನ ದೂರ ಅಳೆಯಿರಿ. ಗೆರೆಯೇ ರೆಕಾರ್ಡಿಂಗ್.

ಬೈಕಂಪಾಡಿ ಲೇಸರ್ | ಭಾನುವಾರ, ಬೆಳಿಗ್ಗೆ 11.20

ನೋಡಿದೆ. ಮೂಲೆ ಆದ ಕೂಡಲೇ ಗೆರೆ ಹಾವಿನ ಹಾಗೆ ಹೊರಳುತ್ತದೆ, ಆಮೇಲೆ ಮೆಲ್ಲ ನೇರ ಆಗುತ್ತದೆ. ಹತ್ತು ಅಲೆ ಎಣಿಸಿದೆ. ಹತ್ತಕ್ಕೆ 2.1 ಮಿ.ಮೀ.

ಸುರತ್ಕಲ್ ಸರ್ವೋ | ಭಾನುವಾರ, ಮಧ್ಯಾಹ್ನ 12.05

ಸೆಕೆಂಡಿಗೆ 1,000 ಮಿ.ಮೀ. ಓಡುವಾಗ 0.21 ಮಿ.ಮೀ.ಗೆ ಒಂದು ಅಲೆ. ಅಂದರೆ ಸೆಕೆಂಡಿಗೆ ಸುಮಾರು 4,800 ಸಲ. ನಿಮಗೆ ಕೇಳುವ ಸಿಳ್ಳೆಯೂ ಅದೇ ಇರಬೇಕು.

ಈಗ ಶಾಫ್ಟಿನ ಲೆಕ್ಕ. 2 ಮಿ.ಮೀ. ದಪ್ಪದ ಸ್ಟೀಲ್, ಮ್ಯಾಗ್ನೆಟ್ಟಿನಿಂದ ಕನ್ನಡಿಯವರೆಗೆ 10 ಮಿ.ಮೀ. ಅಂತ ನಿಮ್ಮ ಡ್ರಾಯಿಂಗಿನಲ್ಲಿದೆ. ಒಂದು ಕಡೆ ರೋಟರಿನ ಜಡತ್ವ, ಇನ್ನೊಂದು ಕಡೆ ಕನ್ನಡಿಯದ್ದು, ನಡುವೆ ಸ್ಪ್ರಿಂಗಿನ ಹಾಗೆ ಶಾಫ್ಟ್. ಅದು ನಡುಗಬೇಕಾದ್ದು ಸೆಕೆಂಡಿಗೆ 23,000 ಸಲ. ನಿಮ್ಮದು 4,800ರಲ್ಲಿ ನಡುಗುತ್ತಿದೆ. ಬಿಗಿತ ಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಕಡಿಮೆ ಇದೆ ಅಂತಾಯಿತು. ತಪ್ಪು ಶಾಫ್ಟಿನದ್ದಲ್ಲ, ಅಂಟಿನದ್ದು. ಕನ್ನಡಿಯನ್ನು ಯಾವುದರಲ್ಲಿ ಅಂಟಿಸಿದ್ದೀರಿ?

ಬೈಕಂಪಾಡಿ ಲೇಸರ್ | ಭಾನುವಾರ, ಮಧ್ಯಾಹ್ನ 12.15

ಸಿಲಿಕೋನ್ ಅಂಟು. ಗಟ್ಟಿ ಎಪಾಕ್ಸಿ ಹಾಕಿದರೆ ಒಣಗುವಾಗ ಕುಗ್ಗಿ ಕನ್ನಡಿ ಬಾಗುತ್ತದೆ ಅಂತ ಓದಿದ್ದೆ. ಹಾಗಾಗಿ ಮೆತ್ತಗಿನದ್ದು ಹಾಕಿದೆ. ಬೆನ್ನಿಗೆ ಪೂರ್ತಿ ಬಳಿದಿದ್ದೇನೆ.

ಮಣಿಪಾಲ ದರ್ಪಣ | ಭಾನುವಾರ, ಮಧ್ಯಾಹ್ನ 1.00

ನೀವು ಓದಿದ್ದು ಸುಳ್ಳಲ್ಲ. ಬೆನ್ನಿಗೆ ಪೂರ್ತಿ ಎಪಾಕ್ಸಿ ಬಳಿದರೆ ಬಾಗಿಯೇ ಬಾಗುತ್ತದೆ. ಕನ್ನಡಿ ಅಲೆಯುದ್ದದ ಕಾಲುಭಾಗ ಬಾಗಿದರೂ ಚುಕ್ಕೆ ಕೆಡುತ್ತದೆ. ಆದರೆ ಪರಿಹಾರ ಮೆತ್ತಗಿನ ಅಂಟಲ್ಲ, ಅಂಟಿಸುವ ಜಾಗ. ಕನ್ನಡಿಯ ಕೆಳಗಿನ ಅಂಚಿನ 3 ಮಿ.ಮೀ. ಮಾತ್ರ ಸೀಳಿನೊಳಗೆ ಕೂರಿಸಿ, ಅಲ್ಲಿ ಮಾತ್ರ ಗಟ್ಟಿ ಎಪಾಕ್ಸಿ. ಬಾಗಿದರೂ ಆ ಅಂಚು ಬಾಗುತ್ತದೆ, ಕಿರಣ ಬೀಳುವ ಜಾಗ ಸಪಾಟಾಗಿಯೇ ಇರುತ್ತದೆ.

ಕಟಪಾಡಿ ಲೇತ್ | ಭಾನುವಾರ, ಸಂಜೆ 5.15

ಫೋಟೋ ಹಾಕಿ ಅಂತ ಅವತ್ತೇ ಕೇಳಿದ್ದು ಇದಕ್ಕೇ. ಅಲ್ಯೂಮಿನಿಯಂ ಮೌಂಟ್ ಮಾಡಿಕೊಡುತ್ತೇನೆ. 1.05 ಮಿ.ಮೀ. ಅಗಲದ ಸೀಳು, ಕನ್ನಡಿಯ ಎರಡೂ ಬದಿಗೆ 25 ಮೈಕ್ರಾನ್ ಅಂಟು ಹಿಡಿಯುತ್ತದೆ. ಅಂಟು ತೆಳು ಇದ್ದಷ್ಟೂ ಗಟ್ಟಿ. ಶಾಫ್ಟ್ ಮುಂದಕ್ಕೆ ಚಾಚಿದ್ದು ಕೂಡ 10 ಮಿ.ಮೀ. ಬೇಕಾಗಿಲ್ಲ, 6 ಸಾಕು. ಸೀಳಿನ ಒಳಬದಿಯನ್ನು ನಯ ಮಾಡುವುದಿಲ್ಲ, ಗರಗಸದ ಗೆರೆ ಹಾಗೇ ಬಿಡುತ್ತೇನೆ, ಅಂಟು ಕಚ್ಚುತ್ತದೆ. ಬುಧವಾರ ಬನ್ನಿ. ಕನ್ನಡಿಯನ್ನು ಹತ್ತಿಯಲ್ಲಿ ಸುತ್ತಿ ತನ್ನಿ.

ಕೊಣಾಜೆ ವಿದ್ಯಾರ್ಥಿ | ಭಾನುವಾರ, ರಾತ್ರಿ 8.45

ಕನ್ನಡಿಯನ್ನೇ ಬೆರಿಲಿಯಂನಲ್ಲಿ ಮಾಡಿದರೆ ಇನ್ನೂ ಹಗುರ, ಇನ್ನೂ ಗಟ್ಟಿ ಆಗುವುದಿಲ್ಲವಾ ಸರ್?

ಮಣಿಪಾಲ ದರ್ಪಣ | ಭಾನುವಾರ, ರಾತ್ರಿ 9.10

ಆಗುತ್ತದೆ. ಅತಿ ವೇಗದ ಸ್ಕ್ಯಾನರುಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಬೆರಿಲಿಯಂ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶ ಶಾಶ್ವತವಾಗಿ ಕೆಡುತ್ತದೆ. ಸಣ್ಣ ವರ್ಕ್‌ಶಾಪಿನಲ್ಲಿ ಅದನ್ನು ಉಜ್ಜುವುದು, ಕತ್ತರಿಸುವುದು ಬೇಡವೇ ಬೇಡ. ಸಿಲಿಕಾನ್ ನೋಡಿ. ತೂಕ ಗಾಜಿನಷ್ಟೇ, ಗಟ್ಟಿತನ ಹೆಚ್ಚುಕಡಿಮೆ ಎರಡು ಪಟ್ಟು.

ಬೈಕಂಪಾಡಿ ಲೇಸರ್ | ಶುಕ್ರವಾರ, ರಾತ್ರಿ 10.30

ಬುಧವಾರ ಕಟಪಾಡಿಗೆ ಹೋಗಿ ಬಂದೆ. ಮೌಂಟ್ ಉಗುರಿನಷ್ಟಿದೆ, ಸೀಳು ಕೂದಲು ಹಿಡಿದ ಹಾಗೆ ಮಧ್ಯದಲ್ಲಿದೆ. ನಿನ್ನೆ ಅಂಟಿಸಿ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಇವತ್ತು ಅದೇ ಮೂಲೆ ಪರೀಕ್ಷೆ ಮಾಡಿದೆ. ಅಲೆ ಮೊದಲು ಕಾಣಿಸಲೇ ಇಲ್ಲ. ವೇಗ ಎರಡು ಪಟ್ಟು ಮಾಡಿ, ಭೂತಗನ್ನಡಿ ಕಣ್ಣಿಗೆ ಒತ್ತಿ ನೋಡಿದರೆ ನಾಲ್ಕೈದು ಸಣ್ಣ ಅಲೆ, 0.18 ಮಿ.ಮೀ.ಗೊಂದು. ಅಂದರೆ ಈಗ ಸೆಕೆಂಡಿಗೆ 11,000. ಸಿಳ್ಳೆ ನಿಂತಿದೆ.

ಸುರತ್ಕಲ್ ಸರ್ವೋ | ಶುಕ್ರವಾರ, ರಾತ್ರಿ 11.00

ಬಹಳ ಸಂತೋಷ ಆಯ್ತು ಅಣ್ಣ! ಉಳಿದ ನಾಲ್ಕೈದು ಅಲೆಗೆ ಸರ್ವೋದಲ್ಲಿ ನಾಚ್ ಫಿಲ್ಟರ್ ಹಾಕಿ. ಆ 11,000ದ ಅಕ್ಕಪಕ್ಕದ ಕಂಪನವನ್ನು ಮಾತ್ರ ಅದು ಕಾಯಿಲಿಗೆ ಹೋಗಲು ಬಿಡುವುದಿಲ್ಲ. ಇದನ್ನು ನಾನು ಮೊದಲೇ ಹೇಳಲಿಲ್ಲ, ಬೇಕಂತಲೇ. 4,800ಕ್ಕೆ ನಾಚ್ ಹಾಕಿದ್ದರೆ ನಡುಕ ಮರೆಯಾಗುತ್ತಿತ್ತು, ಜೊತೆಗೆ ಸರ್ವೋ ಕೂಡ ನಿಧಾನ ಆಗುತ್ತಿತ್ತು. ಅಂಟು ಬೆಚ್ಚಗಾದಾಗ ಆ 4,800 ಬೇರೆ ಕಡೆಗೆ ಸರಿಯುತ್ತದೆ, ಫಿಲ್ಟರ್ ಅಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ಮೂಲೆಯಲ್ಲಿ ಕನ್ನಡಿಗೆ ತಟ್ಟನೆ ತಿರುಗು ಅಂತ ಆಜ್ಞೆ ಕೊಡಬೇಡಿ. 5 ಮಿಲಿ ನ್ಯೂಟನ್ ಮೀಟರ್ ಟಾರ್ಕಿಗೆ, ನಿಮ್ಮ ಜಡತ್ವಕ್ಕೆ, ಒಂದು ಡಿಗ್ರಿ ತಿರುಗಿ ನಿಲ್ಲಲು ಅತಿ ಕಡಿಮೆ ಅಂದರೂ 0.18 ಮಿಲಿಸೆಕೆಂಡ್ ಬೇಕು. ಅರ್ಧ ಹೊತ್ತು ಎಳೆಯುವುದು, ಅರ್ಧ ಹೊತ್ತು ತಡೆಯುವುದು. ಅದಕ್ಕಿಂತ ಬೇಗ ಕೇಳಿದರೆ ಭೌತಶಾಸ್ತ್ರ ಕೊಡುವುದಿಲ್ಲ. ಆಜ್ಞೆಯನ್ನೇ ಮೆಲ್ಲ ಏರಿ ಮೆಲ್ಲ ಇಳಿಯುವ ಹಾಗೆ ಮಾಡಿ. ಕನ್ನಡ ಅಕ್ಷರಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ನಮ್ಮ ಲಿಪಿಯಲ್ಲಿ ಚೂಪು ಮೂಲೆ ಕಡಿಮೆ. ‘ಠ’ ಬರೆದು ನೋಡಿ. ಅದರ ದುಂಡು ಸರಿ ಬಂದರೆ ಎರಡೂ ಕನ್ನಡಿಗಳು ಒಂದೇ ಹದದಲ್ಲಿವೆ ಅಂತ ಅರ್ಥ. ಮೊಟ್ಟೆಯ ಹಾಗೆ ಬಂದರೆ ಒಂದು ಹಿಂದೆ ಬೀಳುತ್ತಿದೆ.

ಮಣಿಪಾಲ ದರ್ಪಣ | ಶನಿವಾರ, ಬೆಳಿಗ್ಗೆ 9.40

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಹತ್ತಿರ ಮಳೆ, ಮೇಲೆ ಉಪ್ಪಿನ ಗಾಳಿ. ನಿಮ್ಮ ಸೆನ್ಸರಿನಲ್ಲಿ ಎಲ್‌ಇಡಿ, ನಡುವೆ ಚಿಟ್ಟೆಯ ರೆಕ್ಕೆಯಂಥ ತಗಡು, ಅದರ ಹಿಂದೆ ನಾಲ್ಕು ಫೋಟೋಡಯೋಡ್ ಇರಬೇಕು ಅಲ್ವಾ? ಎಲ್‌ಇಡಿ ಬಿಸಿಗೆ ಮಂಕಾದರೆ ಕೋನದ ಲೆಕ್ಕ ತಪ್ಪುತ್ತದೆ. ನಾಲ್ಕೂ ಡಯೋಡಿನ ಬೆಳಕಿನ ಮೊತ್ತ ಯಾವಾಗಲೂ ಒಂದೇ ಇರುವ ಹಾಗೆ ಎಲ್‌ಇಡಿಯ ಕರೆಂಟನ್ನು ತಾನಾಗಿ ಏರಿಳಿಸುವ ಸರ್ಕ್ಯೂಟ್ ಹಾಕಿ. ಕನ್ನಡಿ ಹತ್ತು ಮೈಕ್ರೋರೇಡಿಯನ್ ತಪ್ಪಿದರೆ ಪಾತ್ರೆಯ ಮೇಲೆ 3 ಮೈಕ್ರಾನ್ ತಪ್ಪುತ್ತದೆ. ಹೆಸರಿಗೆ ಅದು ಏನೂ ಅಲ್ಲ. ಆದರೆ ಬೆಳಿಗ್ಗೆ ಬರೆದ ಸಾಲಿನ ಕೆಳಗೆ ಮಧ್ಯಾಹ್ನ ಇನ್ನೊಂದು ಸಾಲು ಬರೆಯುವಾಗ ಇಂಥವೆಲ್ಲ ಸೇರಿ ಕಣ್ಣಿಗೆ ಕಾಣುವಷ್ಟಾಗುತ್ತದೆ. ಹೆಡ್ಡಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಜೋಡಣೆಗೆಲ್ಲ ರಬ್ಬರ್ ರಿಂಗ್ ಹಾಕಿ.

ಇನ್ನು ಕಣ್ಣು. ಹೆಡ್ ಟ್ಯೂನ್ ಮಾಡುವಾಗ ಸಣ್ಣ ಕೆಂಪು ಡಯೋಡ್ ಲೇಸರ್ ಮಾತ್ರ ಬಳಸಿ. ನಿಮ್ಮ ಫೈಬರ್ ಲೇಸರಿನ 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ರೆಪ್ಪೆ ಮುಚ್ಚುವ ಮೊದಲೇ ಕಣ್ಣಿನ ಪರದೆ ಸುಡುತ್ತದೆ. ಕೊಪ್ಪರಿಗೆ ಒಳಬದಿ ಕನ್ನಡಿಯಷ್ಟೇ ಹೊಳೆಯುತ್ತದೆ. ಹೆಡ್ಡಿನ ಬಾಯಿಗೆ ಸುತ್ತ ಮುಚ್ಚುವ ಕವಚ, ಅದು ಪಾತ್ರೆಗೆ ಪೂರ್ತಿ ಕೂತರೆ ಮಾತ್ರ ಲೇಸರ್ ಹೊತ್ತುವ ಸ್ವಿಚ್. ಇವೆರಡೂ ಇಲ್ಲದೆ ದೇವಸ್ಥಾನದ ಅಂಗಳಕ್ಕೆ ತಗೊಂಡು ಹೋಗಬೇಡಿ ಅಣ್ಣ. ಅಲ್ಲಿ ಮಕ್ಕಳು ಓಡಾಡುತ್ತಾರೆ.

ಬೈಕಂಪಾಡಿ ಲೇಸರ್ | ಶನಿವಾರ, ರಾತ್ರಿ 9.55

ಸ್ವಿಚ್ ಎರಡು ಹಾಕುತ್ತೇನೆ, ಒಂದರ ಎದುರು ಇನ್ನೊಂದು. ಕನ್ನಡಕ ಯಾವಾಗಲೂ ಹಾಕುತ್ತೇನೆ, ಸಹಾಯಕ್ಕೆ ಬರುವ ಹುಡುಗನಿಗೂ ಹಾಕಿಸುತ್ತೇನೆ.

ಇವತ್ತು ಅಮ್ಮನ ಹಳೆಯ ಸೌಟಿನ ಹಿಡಿಕೆಯ ಮೇಲೆ ‘ಲಕ್ಷ್ಮಿ’ ಬರೆದೆ. ಅಮ್ಮನ ಹೆಸರು. 4 ಮಿ.ಮೀ. ಎತ್ತರದ ಅಕ್ಷರ, ಒತ್ತು ಒಂದು ಮಿ.ಮೀ. ಒಂದು ಮಿ.ಮೀ. ಅಂದರೆ ಕನ್ನಡಿ ತಿರುಗುವುದು ಬರೀ 0.18 ಡಿಗ್ರಿ. ‘ಷ’ದ ಒತ್ತಿನ ಸಣ್ಣ ಸುಳಿ ಒಳಗೆ ಹೋಗಿ ಹೊರಗೆ ಬಂದದ್ದು ಬರಿಗಣ್ಣಿಗೆ ಕಾಣುತ್ತದೆ, ‘ಮ’ದ ಒತ್ತಿನ ಬಾಲ ಎಲ್ಲಿಯೂ ನಡುಗಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಲ್ಲಿ ಸವರಿ ನೋಡಿದರು.

ಇನ್ನು ಎರಡನೇ ಅಕ್ಷದ ಮೋಟರ್. ಮೊದಲ ಕನ್ನಡಿ ಗುಡಿಸಿದ ಕಿರಣವನ್ನೆಲ್ಲ ಎರಡನೆಯದು ಹಿಡಿಯಬೇಕಾದ್ದರಿಂದ ಅದು ಉದ್ದ, 18 ಮಿ.ಮೀ. ಈ ಉದ್ದ ಶಾಫ್ಟಿನ ದಿಕ್ಕಿನಲ್ಲೇ ಇದೆ. ಅದಕ್ಕೂ 3 ಮಿ.ಮೀ. ಮ್ಯಾಗ್ನೆಟ್ ಸಾಕಾ, ದರ್ಪಣದವರೇ?

ಮಣಿಪಾಲ ದರ್ಪಣ | ಶನಿವಾರ, ರಾತ್ರಿ 10.20

ಉದ್ದ ಶಾಫ್ಟಿನ ದಿಕ್ಕಿನಲ್ಲಿ ಹೋದರೆ ಜಡತ್ವ ಒಂದೂವರೆ ಪಟ್ಟು ಅಷ್ಟೆ. ಅಗಲ ಬೆಳೆದರೆ ಮಾತ್ರ ಮೂರನೇ ಘಾತದ ಹಾಗೆ ಏರುತ್ತದೆ, ಅದನ್ನು 8ರಲ್ಲೇ ಹಿಡಿಯಿರಿ. ಮ್ಯಾಗ್ನೆಟ್ ಅದೇ ದಪ್ಪ ಇರಲಿ, ಉದ್ದ 20ರಿಂದ 30ಕ್ಕೆ ಏರಿಸಿ. ಹೆಡ್ ಒಂದು ಸೆಂಟಿಮೀಟರ್ ಜಾಸ್ತಿ ಉದ್ದ ಆಗುತ್ತದೆ, ಪರವಾಗಿಲ್ಲ.

ಉಡುಪಿ ವೈಂಡಿಂಗ್ | ಭಾನುವಾರ, ಬೆಳಿಗ್ಗೆ 7.05

ಹಾಗಾದರೆ ಕಾಯಿಲ್ ಕೂಡ ಉದ್ದ ಆಗಬೇಕು. ಹಳೆಯ ಫಾರ್ಮರಿನಲ್ಲಿ, ಅಂದರೆ ತಂತಿ ಸುತ್ತುವ ಅಚ್ಚಿನಲ್ಲಿ, ಸುತ್ತಲು ಹೋಗಬೇಡಿ. ಕಟಪಾಡಿಯವರು 30ರ ಫಾರ್ಮರ್ ಮಾಡಿ ಕೊಟ್ಟರೆ ನಾನೇ ಸುತ್ತಿ ಕೊಡುತ್ತೇನೆ. 36 ಗೇಜ್ ತಂತಿ ನನ್ನ ಹತ್ತಿರ ಉಂಟು.